ಮಗನನ್ನು ಗುರುತಿಸದ ತಂದೆಯರು

ಅಂಧೇರಿಯ ನಮ್ಮವರಲ್ಲಿ ಪಂಪ್ ಹೌಸ್ ಕಡೆಯ ಪಾರ್ಸಿ ಕಾಲೊನಿಯ ಮುಂದೆ ಹಾದುಹೋಗದವರು ಕಡಿಮೆ. ನಾವೂ ಎಷ್ಟೋ ವರ್ಷ ಹಾದುಹೋದೆವು. ರುಸ್ತುಂ, ಸೊಹ್ರಾಬ್, ಜಮ್‌ಶೆಡ್, ಫರೆದುನ್ ಎಂಬ ಹೆಸರುಗಳನ್ನು ಬಾಗಿಲ ಹಲಗೆಗಳ ಮೇಲೆ, ಬ್ಯಾಂಕಿನ ಕೌಂಟರಿನಲ್ಲಿ, ಡಾಕ್ಟರರ ದವಾಖಾನೆಯಲ್ಲಿ ಓದಿದೆವು. ಅವೆಲ್ಲ ಒಂದೇ ಪುಸ್ತಕದಿಂದ ಇಳಿದು ಬಂದ ಹೆಸರುಗಳೆಂದು ಕೇಳುವ ಗೋಜಿಗೆ ಮಾತ್ರ ಹೋಗಲಿಲ್ಲ. ನಮ್ಮ ಕಣ್ಣು ತೆರೆಸಿದ್ದು ಒಂದು ತಾಳಮದ್ದಳೆ.

ಮಿತ್ರರೊಬ್ಬರ ಮನೆಯ ಪೂಜೆಯ ರಾತ್ರಿ 'ಬಬ್ರುವಾಹನ ಕಾಳಗ' ಇಟ್ಟುಕೊಂಡಿದ್ದರು. ಚೆಂಡೆಯ ಸದ್ದಿಗೆ ಕೆಳಮಾಳಿಗೆಯ ವೃದ್ಧ ಪಾರ್ಸಿಯೊಬ್ಬರು ಮೇಲೆ ಬಂದರು. ಜಗಳಕ್ಕೆ ಬಂದರೆಂದೇ ನಾವೆಲ್ಲ ಹೆದರಿದ್ದೆವು. ಅವರು ಕುರ್ಚಿ ಎಳೆದುಕೊಂಡು ಕೂತರು. ಪಕ್ಕದಲ್ಲಿದ್ದ ಹುಡುಗನೊಬ್ಬ ಹಿಂದಿಯಲ್ಲಿ ಕಥೆ ಹೇಳುತ್ತ ಹೋದ. ಮಂಗಳವಾಗಿ ಎಲ್ಲರೂ ಕಾಫಿ ಕುಡಿಯುವಾಗ ಬಾವಾಜಿ ಹೇಳಿದ್ದು ಇಷ್ಟು: 'ಇದು ನಮ್ಮ ರುಸ್ತುಮನ ಕಥೆ. ಆದರೆ ನೀವು ಸತ್ತವನನ್ನು ಎಬ್ಬಿಸಿಬಿಟ್ಟಿರಿ. ನಮ್ಮಲ್ಲಿ ಏಳುವುದಿಲ್ಲ.'

ಆ ಮಾತು ನಮ್ಮನ್ನು ಬಿಡಲಿಲ್ಲ. ಫಿರ್ದೌಸಿಯ 'ಶಾಹನಾಮೆ'ಯನ್ನು ಇಂಗ್ಲಿಷ್ ಅನುವಾದದಲ್ಲಾದರೂ ಓದಬೇಕೆಂದು ಕೂತೆವು. ಓದಿದಂತೆ ತಿಳಿದದ್ದನ್ನು ಇಲ್ಲಿ ನಮ್ಮ ಓದುಗರ ಮುಂದಿಡುತ್ತೇವೆ.

ಇರಾನಿನ ಸಾಸಾನಿ ಅರಸೊತ್ತಿಗೆ ಅರಬರ ದಂಡಿಗೆ ಸೋತು, ಕೊನೆಯ ದೊರೆ ಯಜ್ದೆಗರ್ದ್ 651ರಲ್ಲಿ ಹತನಾದ. ಅದಾಗಿ ಸುಮಾರು ಮುನ್ನೂರೈವತ್ತು ವರ್ಷಗಳ ಮೇಲೆ, 1010ರ ಸುಮಾರಿಗೆ, ತೂಸ್ ಪ್ರಾಂತದ ಜಮೀನುದಾರ ಮನೆತನದ ಫಿರ್ದೌಸಿ ತನ್ನ ಕಾವ್ಯ ಮುಗಿಸಿದ. ಮೂವತ್ತು ವರ್ಷಗಳ ದುಡಿಮೆ, ಸುಮಾರು ಐವತ್ತು ಸಾವಿರ ದ್ವಿಪದಿ. ಕವಿ ಮುಸಲ್ಮಾನ, ಹಾಡಿದ್ದು ಇಸ್ಲಾಮಿಗೆ ಮೊದಲಿನ ದೊರೆಗಳನ್ನು. ಲಿಪಿ ಅರಬರದು, ಮಾತು ಮಾತ್ರ ಬಹುಮಟ್ಟಿಗೆ ಅಚ್ಚ ಪಾರಸಿ. ಧರ್ಮ ಬದಲಾದ ದೇಶದಲ್ಲಿ ಭಾಷೆ ಉಳಿದುಕೊಂಡ ಬಗೆಗೆ ಈ ಕಾವ್ಯವೇ ದೊಡ್ಡ ಸಾಕ್ಷಿ.

ಕಥೆ ಹೀಗಿದೆ. ಬೇಟೆಗೆ ಹೋದ ರುಸ್ತುಮನ ಕುದುರೆ ರಖ್ಶ್ ಕಳೆದುಹೋಗುತ್ತದೆ. ಅದರ ಹೆಜ್ಜೆ ಹಿಡಿದು ಸಮಂಗಾನ್ ಎಂಬ ಪಟ್ಟಣಕ್ಕೆ ಬರುತ್ತಾನೆ. ಅಲ್ಲಿಯ ರಾಜಕುಮಾರಿ ತಹಮೀನಾ ರಾತ್ರಿ ತಾನೇ ಬಂದು ಅವನನ್ನು ವರಿಸುತ್ತಾಳೆ. ಬೆಳಗಾಗುತ್ತಲೇ ರುಸ್ತುಂ ಹೊರಟುಬಿಡುತ್ತಾನೆ. ಹೋಗುವಾಗ ತೋಳಿನಿಂದ ಒಂದು ಮಣಿ ಬಿಚ್ಚಿ ಕೊಟ್ಟು, ಹೆಣ್ಣಾದರೆ ಮುಡಿಗೆ, ಗಂಡಾದರೆ ತೋಳಿಗೆ ಕಟ್ಟು ಎನ್ನುತ್ತಾನೆ. (ನಮ್ಮ ಅಜ್ಜಿಯಂದಿರ ಬಾಜುಬಂದಿ ಎಂಬ ಮಾತು ಪಾರಸಿಯದೇ. ಕಾಗದ, ರುಮಾಲು, ಬಜಾರು, ಸರಕಾರ ಕೂಡ ಅಲ್ಲಿಂದಲೇ ಬಂದವು.) ಮಗ ಸೊಹ್ರಾಬ್ ಬೆಳೆದು, ತಂದೆಯ ಹೆಸರು ಕೇಳಿ, ಇರಾನಿನ ದೊರೆ ಕಾವೂಸನನ್ನು ಇಳಿಸಿ ತಂದೆಯನ್ನೇ ಪಟ್ಟಕ್ಕೇರಿಸುವೆನೆಂದು ದಂಡೆತ್ತಿ ಬರುತ್ತಾನೆ. ಎದುರಿಗೆ ಬಂದವನೇ ತಂದೆ.

ಇಲ್ಲಿ ಫಿರ್ದೌಸಿ ಮಾಡುವ ಕೆಲಸ ಓದುಗನ ಕರುಳು ಹಿಂಡುವಂಥದು. ಗುರುತು ಹಿಡಿಯುವ ಒಂದೊಂದು ದಾರಿಯನ್ನೂ ಅವನು ತೆರೆದು ತೋರಿಸಿ ಮುಚ್ಚುತ್ತಾನೆ. ರುಸ್ತುಮನನ್ನು ಬಲ್ಲ ಸೋದರಮಾವ ಜೊತೆಗಿರುತ್ತಾನೆ. ರಾತ್ರಿ ವೇಷಮರೆಸಿ ಬಂದ ರುಸ್ತುಮನ ಕೈಯಲ್ಲೇ ಅವನು ಸಾಯುತ್ತಾನೆ. ಸೆರೆಸಿಕ್ಕ ಇರಾನಿ ಸರದಾರನೊಬ್ಬ ಎಲ್ಲ ಡೇರೆಗಳ ಗುರುತು ಹೇಳಿ, ರುಸ್ತುಮನದೊಂದನ್ನು ಮಾತ್ರ ಸ್ವಾಮಿನಿಷ್ಠೆಯಿಂದ ಮರೆಸುತ್ತಾನೆ. ನೀನೇ ರುಸ್ತುಮನಲ್ಲವೇ ಎಂದು ಹುಡುಗ ನೇರವಾಗಿ ಕೇಳುತ್ತಾನೆ. ತಂದೆ ಅಲ್ಲ ಎನ್ನುತ್ತಾನೆ. ತನಗೊಬ್ಬ ಮಗನಿರುವುದು ಅವನಿಗೆ ಗೊತ್ತು, ಆದರೆ ಅವನ ಮನಸ್ಸಿನಲ್ಲಿ ಆ ಮಗ ಇನ್ನೂ ಎಳೆಯ ಮಗುವೇ. ಮೊದಲ ಸಲ ನೆಲಕ್ಕೆ ಬಿದ್ದವನು ರುಸ್ತುಂ. ಒಂದು ಸಲ ಕೆಡವಿದ ಮಾತ್ರಕ್ಕೆ ತಲೆ ಕಡಿಯುವ ಪದ್ಧತಿ ನಮ್ಮಲ್ಲಿಲ್ಲ ಎಂದು ಸುಳ್ಳು ಹೇಳಿ ಪ್ರಾಣ ಉಳಿಸಿಕೊಳ್ಳುತ್ತಾನೆ. ಮುಂದಿನ ಸಲ ಮಗ ಬಿದ್ದಾಗ, ತಾನೇ ಹೇಳಿದ ಪದ್ಧತಿಯನ್ನು ಮರೆತು ಕೂಡಲೇ ಇರಿಯುತ್ತಾನೆ. ಆಮೇಲೆ ತೋಳಿನ ಮಣಿ ಕಾಣುತ್ತದೆ.

ಇನ್ನು ನಮ್ಮ ಕಥೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಹಿರಿಯರ ಬಾಯಿಂದ ಕೇಳಿದವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಇಲ್ಲಿಯೂ ಕಥೆ ತರುವುದು ಕುದುರೆಯೇ. ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ. ಆದರೆ ಇಲ್ಲಿ ಮಗನಿಗೆ ತಂದೆ ಗೊತ್ತು. ಕಾಣಿಕೆ ಹಿಡಿದು, ಕುದುರೆ ತಂದೊಪ್ಪಿಸಿ ಕಾಲಿಗೆರಗುತ್ತಾನೆ. ಕಾದದೆ ಶರಣು ಬಂದವನು ತನ್ನ ಮಗನಾಗಲಾರ ಎಂದು ಹೀಗಳೆಯುವವನು ಅರ್ಜುನ. ರುಸ್ತುಂ ತನ್ನ ಹೆಸರನ್ನು ಮರೆಸಿ ಮಗನನ್ನು ಕಳೆದುಕೊಂಡರೆ, ಅರ್ಜುನ ಹೆಸರು ಹೇಳಿಕೊಂಡು ಬಂದ ಮಗನನ್ನೇ ನಿರಾಕರಿಸಿ ತನ್ನ ತಲೆ ಕಳೆದುಕೊಳ್ಳುತ್ತಾನೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ತಾಸುಗಟ್ಟಲೆ ವಾದ ಹೂಡುವುದು ಈ ಒಂದು ಘಟ್ಟದಲ್ಲಿ. ತಾಯಿಯ ಶೀಲಕ್ಕೆ ಕಲ್ಲೆಸೆದ ಮೇಲೆ ಮಗ ಏನು ಮಾಡಬೇಕು? ಆ ರಾತ್ರಿ ಬಬ್ರುವಾಹನನ ಅರ್ಥ ಹೇಳಿದವರು ಹೋಟೆಲಿನ ಗಲ್ಲೆಯಲ್ಲಿ ಹಗಲಿಡೀ ದುಡಿದು ಬಂದವರು. ಆ ಘಟ್ಟದಲ್ಲಿ ಅವರ ದನಿ ನಡುಗಿದ್ದನ್ನು ನಾವು ಕೇಳಿದೆವು.

ಎರಡು ಕಥೆಗಳೂ ಕೊನೆಗೆ ಔಷಧಕ್ಕೆ ಬರುತ್ತವೆ. ಬಬ್ರುವಾಹನ ಪಾತಾಳಕ್ಕಿಳಿದು, ನಾಗರೊಡನೆ ಕಾದಿ ಸಂಜೀವಕ ಮಣಿ ತರುತ್ತಾನೆ, ಕೃಷ್ಣ ಬರುತ್ತಾನೆ, ಅರ್ಜುನ ಏಳುತ್ತಾನೆ. ಭೀಷ್ಮನನ್ನು ಕೊಂದದ್ದಕ್ಕೆ ಗಂಗೆ ಕೊಟ್ಟ ಶಾಪ ಅಲ್ಲಿಗೆ ತೀರಿತು ಎಂಬ ಲೆಕ್ಕವೂ ಇದೆ. ಇರಾನಿನಲ್ಲಿ ಗಾಯ ಮಾಯಿಸುವ ನೂಶ್‌ದಾರೂ ಎಂಬ ಮದ್ದು ದೊರೆ ಕಾವೂಸನ ಭಂಡಾರದಲ್ಲಿರುತ್ತದೆ. ರುಸ್ತುಂ ಹೇಳಿಕಳಿಸುತ್ತಾನೆ. ಅಪ್ಪ ಮಗ ಇಬ್ಬರೂ ಒಂದಾದರೆ ತನ್ನ ಗದ್ದುಗೆ ಉಳಿದೀತೇ ಎಂದು ದೊರೆ ಕೊಡುವುದಿಲ್ಲ. ತಾನೇ ಹೋಗಿ ಕೇಳಲು ರುಸ್ತುಂ ಹೊರಟಾಗ ಮಗ ಹೋದನೆಂಬ ಸುದ್ದಿ ಬರುತ್ತದೆ. ಸೊಹ್ರಾಬ್ ಸತ್ತ ಮೇಲೆ ಬಂದ ಮದ್ದು ಎಂಬುದು ಇಂದಿಗೂ ಪಾರಸಿಯಲ್ಲಿ ಗಾದೆ. ಮದ್ದು ಇಲ್ಲದೆ ಸತ್ತದ್ದಲ್ಲ. ಇದ್ದೂ ಸಿಗದೆ ಸತ್ತದ್ದು. ನಮ್ಮ ಕಥೆಯ ಲೆಕ್ಕ ಚುಕ್ತಾ ಆಗುತ್ತದೆ, ಅವರದು ಆಗುವುದಿಲ್ಲ. ಯಾವುದು ಮೇಲು ಎಂದು ಪಂಚಾಯಿತಿ ಮಾಡುವವರು ನಾವಲ್ಲ. ಆದರೂ ಬಾವಾಜಿಯ ಮಾತಿನಲ್ಲಿ ಸತ್ಯವಿದೆ ಎಂದು ಒಪ್ಪಿಕೊಳ್ಳಬೇಕಾಯಿತು: ಎಬ್ಬಿಸಬಲ್ಲೆವೆಂಬ ಧೈರ್ಯದಲ್ಲಿ ನಮ್ಮ ಕಥೆ ಅರ್ಜುನನ ತಪ್ಪನ್ನು ಬೇಗನೆ ಮರೆತುಬಿಡುತ್ತದೆ.

ಮರೆಯಲಾಗದ್ದಕ್ಕೆ ನಮ್ಮಲ್ಲೇ ಕಾರಣವಿದೆ. ನಮ್ಮ ಹಿಂದಿನ ತಲೆಮಾರಿನವರು ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಇಲ್ಲಿ ಹೋಟೆಲಿನ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗಿದವರು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಹೋದರೆ, ಅಂಗಳದಲ್ಲಿ ಆಡುತ್ತಿದ್ದ ಮಗು 'ಅಮ್ಮಾ, ಯಾರೋ ಬಂದಿದ್ದಾರೆ' ಎಂದು ಒಳಗೋಡುತ್ತಿತ್ತು. ಈ ಸಾಲು ಬರೆಯುವ ನಮ್ಮಲ್ಲಿ ಹಾಗೆ ಓಡಿದವರೂ ಇದ್ದಾರೆ. ಅಪ್ಪ ತಂದ ಟ್ರಂಕಿನ ವಾಸನೆ ನೆನಪಿದೆ, ಆ ದಿನದ ಮುಖ ನೆನಪಿಲ್ಲ. ರುಸ್ತುಮನ ಮನಸ್ಸಿನಲ್ಲಿ ಮಗ ಬೆಳೆಯದೆ ಉಳಿದದ್ದನ್ನು ಓದುವಾಗ ಪುಸ್ತಕ ಮುಚ್ಚಿಡಬೇಕಾಯಿತು.

ಕಾಲೇಜು ಓದಿದ ನಮ್ಮವರು ಕೆಲವರಿಗೆ ಈ ಕಥೆ ಮ್ಯಾಥ್ಯೂ ಆರ್ನಲ್ಡನ 1853ರ ಇಂಗ್ಲಿಷ್ ಕವನದಿಂದ ಗೊತ್ತಿದ್ದೀತು. ಚೆಲುವಾದ ಕವನ. ಆದರೆ ಅದರಲ್ಲಿ ಮಣಿಯ ಬದಲು ಹಚ್ಚೆಯ ಗುರುತು ಬಂದಿದೆ. ರುಸ್ತುಮನಿಗೆ ಹೆಣ್ಣು ಮಗುವೆಂದು ಸುಳ್ಳು ಸುದ್ದಿ ಹೋಗಿದೆ. ಮದ್ದಿನ ಪ್ರಸಂಗವೇ ಇಲ್ಲ. ದೊರೆಯ ಅಪರಾಧವನ್ನು ತೆಗೆದುಹಾಕಿ ಎಲ್ಲವನ್ನೂ ವಿಧಿಯ ತಲೆಗೆ ಕಟ್ಟಿದಂತಾಯಿತು ಎಂದು ನಮ್ಮ ಆಕ್ಷೇಪ. ಉಮರ್ ಖಯ್ಯಾಮನೂ ಕನ್ನಡಕ್ಕೆ ಬಂದದ್ದು ಫಿಟ್ಜೆರಾಲ್ಡನ ಇಂಗ್ಲಿಷಿನ ದಾರಿಯಿಂದ. ಡಿ.ವಿ.ಜಿ.ಯವರ 'ಉಮರನ ಒಸಗೆ' ಕನ್ನಡದ ಸೊತ್ತೇ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಬಿಜಾಪುರದಲ್ಲಿ ಕೂತು ಫಿರಿಶ್ತಾ ಪಾರಸಿಯಲ್ಲಿ ಇತಿಹಾಸ ಬರೆದ, ಗೀಲಾನಿನಿಂದ ಬಂದ ಮಹಮೂದ್ ಗಾವಾನ್ ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ನಾಡಿನವರು ನಾವು, ಇರಾನನ್ನು ಲಂಡನಿನ ಕನ್ನಡಕದಿಂದ ನೋಡಬೇಕಾಗಿ ಬಂದದ್ದು ವಿಚಿತ್ರವಲ್ಲವೇ?

ಸಿನಿಮಾದ ಮಾತಿಗೆ ಬಂದರೆ ಮುಂಬಯಿಯೇ ಇರಾನಿಗೆ ಉಪಕಾರ ಮಾಡಿದೆ. 'ಆಲಂ ಆರಾ' ತೆಗೆದ ಅರ್ದೆಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಯೇ 1933ರಲ್ಲಿ ಪಾರಸಿಯ ಮೊದಲ ಮಾತಿನ ಚಿತ್ರ 'ದುಖ್ತರೆ ಲೋರ್' ತೆಗೆಯಿತು. ಬರೆದು ನಟಿಸಿದವನು ಅಬ್ದುಲ್ ಹುಸೇನ್ ಸೆಪಂತಾ ಎಂಬ ಇರಾನಿ ತರುಣ. ಆ ಚಿತ್ರದ ಪ್ರೇಮಿಗಳು ದರೋಡೆಕೋರರಿಂದ ತಪ್ಪಿಸಿಕೊಂಡು ಓಡಿಬರುವುದೂ ಮುಂಬಯಿಗೇ. ಮರುವರ್ಷವೇ ಸೆಪಂತಾ ಫಿರ್ದೌಸಿಯ ಮೇಲೊಂದು ಚಿತ್ರವನ್ನು ಇಲ್ಲಿಯೇ ಮಾಡಿದ. ಪರದೇಶಕ್ಕೆ ಬಂದವನಿಗೆ ಸ್ವದೇಶದ ಕವಿ ಹೆಚ್ಚು ಬೇಕಾಗುತ್ತಾನೆ ಎಂಬುದು ಸಂಘ ಕಟ್ಟಿಕೊಂಡ ನಮಗೆ ತಿಳಿಯದ್ದೇನಲ್ಲ.

'ಆಲಂ ಆರಾ'ದಲ್ಲಿ ನಟಿಸಿದ್ದ ಪೃಥ್ವೀರಾಜ್ ಕಪೂರ್, ಮೂವತ್ತೆರಡು ವರ್ಷಗಳ ಮೇಲೆ, ವಿಶ್ರಾಮ ಬೇಡೇಕರರ 1963ರ ಹಿಂದಿ ಚಿತ್ರ 'ರುಸ್ತುಂ ಸೊಹ್ರಾಬ್'ನಲ್ಲಿ ರುಸ್ತುಮನಾದರು. ಪ್ರೇಮನಾಥ್ ಮಗ, ಸುರಯ್ಯಾ ತಹಮೀನಾ. ಇಂದು ಜನ ಆ ಚಿತ್ರವನ್ನು ನೆನೆಯುವುದು ಸಜ್ಜಾದ್ ಹುಸೇನರ ಸಂಗೀತಕ್ಕಾಗಿ, ಅದು ನ್ಯಾಯವೂ ಹೌದು. ಪೃಥ್ವೀರಾಜರ ಗುಡುಗಿನಲ್ಲಿ ವೀರ ಕಾಣುತ್ತಾನೆ. ಸುಳ್ಳು ಹೇಳಿ ಬದುಕಿದ ಮುದುಕ ಅಷ್ಟು ಕಾಣುವುದಿಲ್ಲ. 1977ರ ಕನ್ನಡದ 'ಬಬ್ರುವಾಹನ'ದಲ್ಲಿ ಹುಣಸೂರು ಕೃಷ್ಣಮೂರ್ತಿಯವರು ಅರ್ಜುನನನ್ನೂ ಬಬ್ರುವಾಹನನನ್ನೂ ರಾಜಕುಮಾರರಿಂದಲೇ ಮಾಡಿಸಿದರು. ದ್ವಿಪಾತ್ರ ಗಲ್ಲಾಪೆಟ್ಟಿಗೆಯ ತಂತ್ರವೆಂದು ಆಗ ನಾವು ತಿಳಿದಿದ್ದೆವು. ಮೊನ್ನೆ ಟೀವಿಯಲ್ಲಿ ಮತ್ತೆ ನೋಡಿದಾಗ ಬೇರೆ ತೋರಿತು. ಮುಖ ಒಂದೇ ಎಂದು ಪ್ರೇಕ್ಷಕರಿಗೆಲ್ಲ ಕಾಣುತ್ತಿದೆ. ಕಾಣದವನು ಅರ್ಜುನನೊಬ್ಬ. ಹಾಡಾಗಿ ಹರಿಯುವ ಆ ವಾಗ್ವಾದದಲ್ಲಿ ಮನುಷ್ಯ ಕನ್ನಡಿಯೊಡನೆ ಜಗಳವಾಡುತ್ತಿದ್ದಾನೆ. ಪೌರಾಣಿಕ ಚಿತ್ರವೆಂದು ಮೂಗು ಮುರಿಯುವವರು ಈ ದೃಶ್ಯವನ್ನಾದರೂ ಇನ್ನೊಮ್ಮೆ ನೋಡಬೇಕು.

1979ರ ಕ್ರಾಂತಿಯ ಅನಂತರದ ಇರಾನಿ ಚಿತ್ರಗಳನ್ನು ನಮ್ಮ ಮಕ್ಕಳು ನಮಗಿಂತ ಹೆಚ್ಚು ನೋಡಿದ್ದಾರೆ. ಒಂದನ್ನು ಮಾತ್ರ ಹೇಳುತ್ತೇವೆ. ಅಬ್ಬಾಸ್ ಕಿಯಾರೊಸ್ತಮಿಯ 1987ರ 'ಗೆಳೆಯನ ಮನೆ ಎಲ್ಲಿ?' ಎಂಬ ಚಿತ್ರದಲ್ಲಿ, ತಪ್ಪಿ ತನ್ನ ಚೀಲಕ್ಕೆ ಬಂದ ಗೆಳೆಯನ ನೋಟುಪುಸ್ತಕ ಮರಳಿಸಲು ಹುಡುಗನೊಬ್ಬ ಗುಡ್ಡ ದಾಟಿ ಹೋಗುತ್ತಾನೆ. ತಾಯಿಗೆ ಹೇಳಿದರೆ ಕೇಳಿಸಿಕೊಳ್ಳಳು. ಅಜ್ಜ, ತನ್ನ ಹತ್ತಿರ ಸಿಗರೇಟಿದ್ದರೂ, ಶಿಸ್ತು ಕಲಿಸಲೆಂದು ಸಿಗರೇಟು ತರಲು ಓಡಿಸುತ್ತಾನೆ. ಕತ್ತಿಯಿಲ್ಲ, ದಂಡಿಲ್ಲ. ಆದರೂ ಎದುರು ನಿಂತ ಮಗುವನ್ನು ಹಿರಿಯರು ಕಾಣದೆ ಹೋಗುವ ಆ ಹಳೆಯ ಕಥೆಯೇ ಇದು ಎಂದು ನಮಗನಿಸಿತು. ಅದೇ 1977ರಲ್ಲಿ ಗಿರೀಶ ಕಾಸರವಳ್ಳಿಯವರು 'ಘಟಶ್ರಾದ್ಧ'ದಲ್ಲಿ ಒಂದು ಅಗ್ರಹಾರವನ್ನು ಹುಡುಗನ ಕಣ್ಣಿನಿಂದ ತೋರಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಕೊನೆಗೆ ಭಾಷೆಯ ಮಾತು. ಇರಾನಿನಲ್ಲಿ ಉಳಿದವರು ಧರ್ಮ ಬಿಟ್ಟು ಭಾಷೆ ಉಳಿಸಿಕೊಂಡರು. ಧರ್ಮ ಉಳಿಸಿಕೊಳ್ಳಲು ಹಡಗು ಹತ್ತಿದವರು ಭಾಷೆ ಬಿಟ್ಟರು. 1600ರ ಸುಮಾರಿಗೆ ರಚಿತವಾದ 'ಕಿಸ್ಸೆ ಸಂಜಾನ್' ಎಂಬ ಪಾರಸಿ ಪದ್ಯಕಥೆಯಲ್ಲಿ, ಗುಜರಾತಿನ ರಾಜ ಆಶ್ರಯ ಕೊಡುವಾಗ ಹಾಕಿದ ಷರತ್ತುಗಳಲ್ಲಿ ಒಂದು, ನಿಮ್ಮ ನುಡಿ ಬಿಟ್ಟು ಈ ನೆಲದ ನುಡಿ ಆಡಬೇಕು ಎಂಬುದು. ಅವರು ಒಪ್ಪಿದರು. ಗುಜರಾತಿ ಅವರ ಮನೆಮಾತಾಯಿತು. ನಮಗೆ ಯಾವ ರಾಜನೂ ಷರತ್ತು ಹಾಕಿಲ್ಲ. ಆದರೂ ನಮ್ಮ ಕಟ್ಟಡಗಳಲ್ಲಿ ಅಜ್ಜ ಬರೆದ ಕನ್ನಡ ಕಾಗದವನ್ನು ಮೊಮ್ಮಗನಿಗೆ ಓದಿ ಹೇಳಲು ಮೂರನೆಯವರು ಬೇಕಾಗಿರುವುದನ್ನು ನೋಡುತ್ತಿದ್ದೇವೆ. ಆ ರಾತ್ರಿ ಬಾವಾಜಿಗೆ ಹಿಂದಿಯಲ್ಲಿ ಕಥೆ ಹೇಳಿದ ಹುಡುಗನೂ ಅರ್ಧ ಅರ್ಥವನ್ನು ಅಮ್ಮನನ್ನು ಕೇಳಿಯೇ ಹೇಳುತ್ತಿದ್ದ.

ಮುಂದೊಂದು ದಿನ ನಾವು ಬಾವಾಜಿಯನ್ನು ಕೇಳಿದೆವು: ಅಪ್ಪನ ಕೈಯಲ್ಲಿ ಸತ್ತ ಹುಡುಗನ ಹೆಸರನ್ನು ನೀವು ಮಕ್ಕಳಿಗೆ ಇಡುವುದೇಕೆ? ಅವರು ನಕ್ಕರು. ಅವರ ತಂದೆಯ ಹೆಸರು ರುಸ್ತುಂ, ಅವರದು ಸೊಹ್ರಾಬ್. ಪಾರಸಿ ಇಬ್ಬರಿಗೂ ಬರುತ್ತಿರಲಿಲ್ಲ. ಅಪ್ಪ ಗುಜರಾತಿಯಲ್ಲಿ ಕಥೆ ಹೇಳುತ್ತಿದ್ದರಂತೆ, ಮತ್ತು ಮದ್ದಿನ ಘಟ್ಟ ಬಂದಾಗ ಪ್ರತಿಸಲವೂ ನಿಲ್ಲಿಸಿ, 'ಇನ್ನುಳಿದದ್ದು ನಾಳೆ, ಮಲಗು' ಎನ್ನುತ್ತಿದ್ದರಂತೆ.