ಕಾರಿನ ಹೆಸರು ಹೇಳಬೇಡಿ, ಅಳತೆ ಹೇಳಿ

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ಕಾರು ಕೈಕೊಡುವುದು ಹೊಸದೇನಲ್ಲ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಎಂಜಿನ್ನಿನ ಕಾವಿಗೆ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾದರೆ ಮತ್ತೆ ಹೊರಡುತ್ತದೆ. ಇದನ್ನು ಸಹಿಸಬಹುದು. ಕಷ್ಟವಾಗುವುದು ಬಿಡಿಭಾಗದ ಅಂಗಡಿಯ ಮುಂದೆ ನಿಂತಾಗ. ‘ಫಿಯೆಟ್ಟಾ? ಅದರ ಮಾಲು ಈಗೆಲ್ಲಿ ಬರುತ್ತೆ ಸಾರ್’ ಎಂಬ ಉತ್ತರ ಒಂದು ಕಡೆ. ಹಳೇ ಡಬ್ಬಿಯ ಧೂಳು ಒರೆಸಿ ‘ಇದೊಂದೇ ಪೀಸ್ ಇರೋದು’ ಎಂದು ಹೇಳುವ ದುಬಾರಿ ರೇಟು ಇನ್ನೊಂದು ಕಡೆ.

ಎರಡಕ್ಕೂ ಕಾರಣ ಒಂದೇ: ನಾವು ಕಾರಿನ ಹೆಸರು ಹಿಡಿದು ಕೇಳುತ್ತೇವೆ.

ಕೆಟ್ಟ ಬೇರಿಂಗ್ ಬಿಚ್ಚಿ, ಗ್ರೀಸ್ ಒರೆಸಿ, ಅಂಚಿನ ಮೇಲೆ ಕೆತ್ತಿದ ಅಂಕಿ ಓದಿ. 6204 ಎಂದಿದ್ದರೆ ಒಳಗಿನ ರಂಧ್ರ 20 ಮಿ.ಮೀ., ಹೊರಸುತ್ತು 47, ದಪ್ಪ 14. ಯಾವ ದೇಶದಲ್ಲಿ, ಯಾವ ಕಂಪನಿ ಮಾಡಿದರೂ ಇದೇ ಅಳತೆ. ಅದೇ ನಂಬರು ನೀರೆತ್ತುವ ಮೋಟಾರಿನಲ್ಲೂ ಇರುತ್ತದೆ, ಹಿಟ್ಟಿನ ಗಿರಣಿಯಲ್ಲೂ ಇರುತ್ತದೆ. ಹಾಗಾಗಿ ಅದನ್ನು ಕೇಳಬೇಕಾದದ್ದು ಬೇರಿಂಗ್ ಅಂಗಡಿಯಲ್ಲಿ, ಫಿಯೆಟ್ ಪಾರ್ಟ್ಸ್ ಮಾರುವವರಲ್ಲಿ ಅಲ್ಲ. ನಂಬರಿನ ಮುಂದಿರುವ ಅಕ್ಷರಗಳನ್ನೂ ಬರೆದುಕೊಳ್ಳಿ. ಝಡ್‌ಝಡ್ ಎಂದರೆ ಎರಡೂ ಬದಿಗೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರಿನದು, ಸಿ3 ಎಂದರೆ ಒಳಗೆ ತುಸು ಹೆಚ್ಚು ಸಡಿಲ. ಆಯಿಲ್ ಸೀಲ್ ಕೂಡ ಹೀಗೆಯೇ. 35-50-8 ಎಂದು ಅಚ್ಚಾಗಿದ್ದರೆ ಅದೇ ಅದರ ವಿಳಾಸ. ಅಂಕಿ ಅಳಿಸಿಹೋಗಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಬೇಕು. ಹಳೇ ಕಾರಿನ ಒಡೆಯರಿಗೆ ಸ್ಪ್ಯಾನರ್ ಸೆಟ್ಟಿಗಿಂತ ಮೊದಲು ಬೇಕಾದ ಸಾಮಾನು ಅದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಾಂಬೆಯ ಕುರ್ಲಾದಲ್ಲಿ ಫಿಯೆಟ್ 1100 ಎಂದು ತಯಾರಾಗುತ್ತಿದ್ದ ಈ 1089 ಸಿ.ಸಿ. ಕಾರು ಎಪ್ಪತ್ತರ ದಶಕದಲ್ಲಿ ಪದ್ಮಿನಿಯಾಯಿತು. ಮುಂಬೈಯಲ್ಲಿ ಅದು ಟ್ಯಾಕ್ಸಿಯಾಗಿ ಓಡುತ್ತಿದ್ದಷ್ಟು ಕಾಲ ಬಿಡಿಭಾಗಗಳಿಗೆ ಗಿರಾಕಿ ಇತ್ತು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರಲ್ಲಿ, ಆದ್ದರಿಂದ 2023ರ ಅಕ್ಟೋಬರಿಗೆ ಆ ಓಟ ಮುಗಿಯಿತು. ಇನ್ನು ಮುಂದೆ ಹೊಸ ಮಾಲಿಗಾಗಿ ಕಾಯುವುದಕ್ಕಿಂತ ಕೈಯಲ್ಲಿರುವ ಹಳೇ ಭಾಗವನ್ನು ಉಳಿಸಿಕೊಳ್ಳುವುದೇ ಜಾಣತನ.

ಉಳಿಸಿಕೊಳ್ಳಲು ಸಾಧ್ಯವೂ ಇದೆ, ಏಕೆಂದರೆ ಆ ಕಾಲದ ಭಾಗಗಳನ್ನು ಬಿಚ್ಚಿ ಜೋಡಿಸುವಂತೆಯೇ ಮಾಡಿದ್ದರು. ವಾಟರ್ ಪಂಪ್ ಸೋರಿದರೆ ಕೆಟ್ಟಿರುವುದು ಸೀಲು, ಬೇರಿಂಗು. ಎರಕದ ಕವಚಕ್ಕೆ ಏನೂ ಆಗಿರುವುದಿಲ್ಲ. ಒಳ್ಳೆಯ ಟರ್ನರ್ ಹಳೇದನ್ನು ಪ್ರೆಸ್ಸಿನಲ್ಲಿ ತಳ್ಳಿ ಹೊಸದನ್ನು ಕೂರಿಸುತ್ತಾರೆ. ಡೈನಮೋದ ಆರ್ಮೇಚರ್ ಸುಟ್ಟರೆ ರೀವೈಂಡಿಂಗ್ ಮಾಡುವವರಿದ್ದಾರೆ. ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಬಿಚ್ಚಿ, ರಾಡ್ ಹೊಡೆಸಿ, ಸೋರುವ ಕಡೆ ಬೆಸುಗೆ ಹಾಕಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತ ಅಂಗಡಿಗಳ ನಡುವೆ ಈ ಕಸುಬಿನವರೂ ಇದ್ದಾರೆ. ನಮ್ಮ ಹಳೇ ಗಾಡಿಗಳು ಇನ್ನೂ ರಸ್ತೆಯ ಮೇಲಿರುವುದಕ್ಕೆ ಅಂಗಡಿಕಾರರಿಗಿಂತ ಹೆಚ್ಚು ಋಣ ಇವರದು. ಕೆಟ್ಟ ಭಾಗವನ್ನು ಎಂದೂ ಮೆಕ್ಯಾನಿಕ್ ಬಳಿ ಬಿಟ್ಟು ಬರಬೇಡಿ. ಬುಷ್ ತಿರುಗಿಸಲು ಟರ್ನರ್‌ಗೆ ಮಾದರಿ ಬೇಕು, ಆ ಮಾದರಿ ನಿಮ್ಮ ಹಳೇ ಭಾಗವೇ.

ಶಿವಾಜಿನಗರದ ಗುಜರಿಯಲ್ಲಿ ಹುಡುಕುವುದಕ್ಕೂ ಲೆಕ್ಕಾಚಾರ ಬೇಕು. ಬಾಗಿಲ ಹಿಡಿ, ಗೇರ್‌ಬಾಕ್ಸಿನ ಕವಚ, ಸ್ಟೀರಿಂಗ್ ಕಂಬದ ಗೇರು ಬದಲಿಸುವ ಕಡ್ಡಿಗಳು ಸಿಕ್ಕರೆ ಕಣ್ಣಿಗೊತ್ತಿಕೊಂಡು ತನ್ನಿ. ರಬ್ಬರ್ ಮಾತ್ರ ಮುಟ್ಟಬೇಡಿ. ಪ್ಯಾಕೆಟ್ ಒಡೆಯದ ‘ಒರಿಜಿನಲ್’ ಹಳೇ ಸ್ಟಾಕ್ ಆದರೂ ಸರಿ, ಕಪಾಟಿನಲ್ಲಿ ಕೂತಲ್ಲೇ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಅದರ ಮೇಲೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ಹಳೇ ಕಾಲದ ಪಂಪಿನ ಡಯಾಫ್ರಮ್, ಪೆಟ್ರೋಲ್ ಪೈಪು ಅದಕ್ಕೆಂದು ಮಾಡಿದವಲ್ಲ. ಎಥೆನಾಲ್ ತಡೆಯುವ ವೈಟಾನ್ ಥರದ ರಬ್ಬರಿನದನ್ನೇ ಕೇಳಿ ಹಾಕಿಸಿ. ಅಲ್ಲಿ ಉಳಿಸುವ ಕಾಸು ಕೊನೆಗೆ ಬಾನೆಟ್ ಕೆಳಗಿನ ಬೆಂಕಿಗೆ ದಾರಿಯಾಗಬಹುದು.

ಬ್ರೇಕಿನಲ್ಲಿ ಅಗ್ಗದ ಮಾತೇ ಬೇಡ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ವೀಲ್ ಸಿಲಿಂಡರಿನ ಒಳಗೋಡೆ ತುಕ್ಕಿನಿಂದ ಗುಳಿಬಿದ್ದಿದ್ದರೆ ಹೊಸ ಕಪ್ ಕಿಟ್ ಹಾಕಿಯೂ ಪ್ರಯೋಜನವಿಲ್ಲ, ಮತ್ತೆ ಸೋರುತ್ತದೆ. ಸಿಲಿಂಡರಿಗೆ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ, ಇಲ್ಲವೇ ಒಳ್ಳೆಯದು ಸಿಗುವವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ.

ಇಷ್ಟಾದರೂ ಯಾವ ಲೇಥಿನಲ್ಲೂ ತಿರುಗಿಸಲಾಗದ ವಸ್ತು ಮುಂದಿನ ಗಾಜು. ಒಡೆದ ದಿನ ಹುಡುಕಲು ಹೊರಟರೆ ಹೇಳಿದ ಬೆಲೆ ಕೊಡಬೇಕಾಗುತ್ತದೆ. ಕಾರು ಚೆನ್ನಾಗಿ ಓಡುತ್ತಿರುವಾಗಲೇ ಒಂದು ಗಾಜು ಕೊಂಡು, ಗೋಣಿ ಸುತ್ತಿ, ಅಡ್ಡ ಮಲಗಿಸದೆ ನೆಟ್ಟಗೆ ನಿಲ್ಲಿಸಿಡಿ.