ಕುಣಿಗಲ್ ಕುದುರೆ ಫಾರಮ್ಮಿನ 421 ಎಕರೆ

ಕುಣಿಗಲ್ ಪೇಟೆಯ ಮಗ್ಗುಲಲ್ಲಿರುವ ಸ್ಟಡ್ ಫಾರಂ ವಿಚಾರ ಬಂದಾಗಲೆಲ್ಲ ಒಂದೇ ವಾದ ಕೇಳಿಬರುತ್ತದೆ. 421 ಎಕರೆ ಸರ್ಕಾರಿ ಜಮೀನು ಕುದುರೆ ಮೇಯಿಸಿಕೊಂಡು ಬಿದ್ದಿದೆ. ಬೆಂಗಳೂರು ನೆಲಮಂಗಲವನ್ನೂ ದಾಟಿ ಇತ್ತ ಬರುತ್ತಿದೆ. ಹೆದ್ದಾರಿ ಇದೆ, 2017ರಿಂದ ರೈಲೂ ಇದೆ. ರೈತರ ಜಮೀನು ಕಿತ್ತುಕೊಳ್ಳುವ ಬದಲು ಸರ್ಕಾರದ ಜಾಗದಲ್ಲೇ ಒಂದು ಹೊಸ ಊರು ಕಟ್ಟಿದರೆ ಯಾರಿಗೆ ನಷ್ಟ? 2024ರಲ್ಲಿ ರಾಜ್ಯ ಸಚಿವ ಸಂಪುಟ ಇಲ್ಲಿ ಸಮಗ್ರ ಟೌನ್‌ಶಿಪ್ ಮಾಡುವ ತೀರ್ಮಾನ ತೆಗೆದುಕೊಂಡ ಮೇಲೆ ಈ ವಾದಕ್ಕೆ ಸರ್ಕಾರದ ಮುದ್ರೆಯೂ ಬಿತ್ತು. ಆಮೇಲೆ ಬೆಂಗಳೂರಿನ ರೇಸ್ ಕೋರ್ಸನ್ನೇ ಇಲ್ಲಿಗೆ ತರುವ ಮಾತೂ ಎದ್ದಿತು. ಯೋಜನೆಯ ಹೆಸರು ಬದಲಾದರೂ ಫಾರಂ ಖಾಲಿ ಬಿದ್ದಿದೆ ಎನ್ನುವ ನಂಬಿಕೆ ಬದಲಾಗಿಲ್ಲ. ನನ್ನ ತಕರಾರು ಇರುವುದು ಆ ನಂಬಿಕೆಯ ಮೇಲೆ.

ರೈತರ ಜಮೀನು ಉಳಿಯಲಿ ಎನ್ನುವ ಕಾಳಜಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಬಿಡದಿಯಲ್ಲಿ ಟೌನ್‌ಶಿಪ್‌ಗೆ ಭೂಮಿ ಬಿಡುವುದಿಲ್ಲ ಎಂದು ರೈತರು ಬೀದಿಗೆ ಬಂದು ಕೂತದ್ದನ್ನು ನಾಡೇ ನೋಡಿದೆ. ಆದರೆ ಟೌನ್‌ಶಿಪ್ ಎನ್ನುವುದು ತನಗೆ ಹಾಕಿದ ಬೇಲಿಯೊಳಗೆ ನಿಲ್ಲುವ ಸ್ವಭಾವದ್ದಲ್ಲ. ನಾನೂರು ಎಕರೆಯಲ್ಲಿ ಕಟ್ಟಡ ಎದ್ದರೆ ಸುತ್ತಲಿನ ಹಳ್ಳಿಗಳ ಹೊಲದ ಬೆಲೆ ಬೆಳೆಯ ಲೆಕ್ಕದಿಂದ ಸೈಟಿನ ಲೆಕ್ಕಕ್ಕೆ ಜಿಗಿಯುತ್ತದೆ. ಕೂಡುರಸ್ತೆಗೆ, ಒಳಚರಂಡಿ ಘಟಕಕ್ಕೆ, ಕಸ ಹಾಕುವುದಕ್ಕೆ ಜಾಗ ಬೇಕಾಗುತ್ತದೆ. ಆಗ ಹೋಗುವುದು ಅದೇ ರೈತರ ಜಮೀನು. ದೇವನಹಳ್ಳಿ ಸುತ್ತಮುತ್ತ ಇದೆಲ್ಲ ಆಗಿಹೋಗಿದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ಕುಣಿಗಲ್ ಕೆರೆಯ ಹೆಸರು ಜನಪದ ಹಾಡಿನಿಂದಾಗಿ ನಾಡಿನ ಮಕ್ಕಳಿಗೆಲ್ಲ ಗೊತ್ತು. ಆದರೆ ಇವತ್ತು ಆ ಕೆರೆಯೂ ತಾಲ್ಲೂಕಿನ ಕುಡಿಯುವ ನೀರೂ ಹೇಮಾವತಿ ನಾಲೆಯ ಕಡೆಗೆ ಕಣ್ಣು ನೆಟ್ಟು ಕೂತಿವೆ. ಕುಣಿಗಲ್‌ಗೆ ನೀರು ಸರಿಯಾಗಿ ತಲುಪುತ್ತಿಲ್ಲವೆಂದು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ ಹಾಕಿಕೊಂಡರೆ, ತಮ್ಮ ಪಾಲಿನ ನೀರು ಹೋಗುತ್ತದೆಂದು ತುಮಕೂರು, ಗುಬ್ಬಿ ಕಡೆಯ ರೈತರು 2024 ಮತ್ತು 2025ರಲ್ಲಿ ತೀವ್ರವಾಗಿ ಹೋರಾಡಿದರು. ಒಂದೇ ಜಿಲ್ಲೆಯ ಜನ ಒಬ್ಬರಿಗೊಬ್ಬರು ಎದುರು ನಿಂತರು. ಇರುವ ಊರಿಗೇ ನೀರು ತರಲು ಇಷ್ಟು ಸಂಕಟವಿರುವಾಗ ಹೊಸ ಊರಿನ ಸಾವಿರಾರು ಮನೆಗಳಿಗೆ ನೀರು ಎಲ್ಲಿಂದ? ಟೌನ್‌ಶಿಪ್ ಪರವಾಗಿ ಮಾತಾಡುವವರು ಮೊದಲು ಹೇಳಬೇಕಾದ್ದು ಇದು. ಕಾಲುವೆಯಲ್ಲಿ ಪಾಲು ಸಿಗದಿದ್ದರೆ ಉಳಿಯುವುದು ಕೊಳವೆಬಾವಿ. ಮಳೆ ಬಿದ್ದಾಗ ನೀರು ಕುಡಿಯುವ ನಾನೂರು ಎಕರೆ ಹುಲ್ಲುನೆಲಕ್ಕೆ ಕಾಂಕ್ರೀಟ್ ಹೊದಿಸಿ, ಅಲ್ಲೇ ಸಾವಿರ ಅಡಿಗೆ ಬೋರು ಇಳಿಸುವುದನ್ನು ಅಭಿವೃದ್ಧಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

‘ಖಾಲಿ ಬಿದ್ದಿದೆ’ ಎಂಬ ಮಾತನ್ನು ನಂಬಿ ಕೈಸುಟ್ಟುಕೊಂಡ ಅನುಭವ ನಮಗೆ ಹೊಸದೇನಲ್ಲ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಾಗಿದ್ದು ಟಿಪ್ಪು ಕಾಲದಲ್ಲಿ ಅಮೃತಮಹಲ್ ಆದ ದನಗಳ ಇಲಾಖೆಯ ಕಾವಲುಗಳು, ಅಂದರೆ ಹುಲ್ಲುಗಾವಲುಗಳು, ಒಂದು ಕಾಲಕ್ಕೆ ಲಕ್ಷಾಂತರ ಎಕರೆ ಇದ್ದವು. ಅವೆಲ್ಲ ಚೂರುಚೂರಾಗಿ ಹೋದದ್ದು ಇದೇ ತರ್ಕದಿಂದ. ಚಳ್ಳಕೆರೆಯ ಉಳ್ಳಾರ್ತಿ, ಕುದಾಪುರ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಟ್ಟಾಗ ಕಡತದ ಪ್ರಕಾರ ಅಲ್ಲಿ ಏನೂ ಇರಲಿಲ್ಲ. ಬೇಲಿ ಎದ್ದ ಮೇಲೆಯೇ ಆ ನೆಲ ನಂಬಿದ್ದ ಕುರಿಗಾಹಿಗಳೂ ಕಂಬಳಿ ನೇಯುವವರೂ ಹೊರಗಿನವರ ಕಣ್ಣಿಗೆ ಬಿದ್ದದ್ದು. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹೋದ ಕಾವಲು ಹೋಗಿಯೇ ಹೋಯಿತು.

ಇನ್ನು ಫಾರಂ ಉಳಿಸಬೇಕೆನ್ನುವವರ ಮಾತು. ನಾನೂ ಆ ಪಕ್ಷದವನೇ. ಆದರೆ ಅವರ ವಾದವೂ ನನಗೆ ಸಾಲದು. ‘ಟಿಪ್ಪು ಕಟ್ಟಿಸಿದ್ದು, ಆದ್ದರಿಂದ ಉಳಿಯಲಿ’ ಎನ್ನುತ್ತಾರೆ. ಈ ಮಾತು ಬಾಯಿಂದ ಬಿದ್ದ ಕೂಡಲೇ ಚರ್ಚೆ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಕಡೆ ತಿರುಗಿ, ಫಾರಂ ಮರೆತೇಹೋಗುತ್ತದೆ. ಅದೂ ಅಲ್ಲದೆ, ಹಾಗೆ ವಾದಿಸಿದರೆ ಉಳಿಯುವುದು ಒಂದಷ್ಟು ಹಳೆಯ ಲಾಯ, ಒಂದು ಬಂಗಲೆ, ಅದರ ಸುತ್ತ ಹತ್ತು ಗುಂಟೆ ಜಾಗ, ಒಂದು ನಾಮಫಲಕ. ಉಳಿದ ನಾನೂರು ಎಕರೆಯನ್ನು ಮಾರಲು ಯಾವ ಅಡ್ಡಿಯೂ ಇರುವುದಿಲ್ಲ. ಪಾರಂಪರಿಕ ಕಟ್ಟಡ ಉಳಿಸಿಕೊಂಡೇ ಟೌನ್‌ಶಿಪ್ ಮಾಡುತ್ತೇವೆ ಎಂದರೆ ಆಗ ಯಾರೂ ಬಾಯಿ ತೆರೆಯಲಾಗದು.

ಕುಣಿಗಲ್ ಫಾರಮ್ಮಿನ ಚರಿತ್ರೆ ಇರುವುದು ಗೋಡೆಗಳಲ್ಲಿ ಅಲ್ಲ, ಎಡೆಬಿಡದೆ ನಡೆದ ಕೆಲಸದಲ್ಲಿ. ಮೈಸೂರಿನ ಅಶ್ವದಳಕ್ಕೆಂದು ಹುಟ್ಟಿದ್ದು 1799ರ ನಂತರ ಬ್ರಿಟಿಷ್ ಸೇನೆಗೆ ಕುದುರೆ ಕೊಟ್ಟಿತು. ಕೊನೆಗೆ ರಾಜ್ಯದ ಪಶುಸಂಗೋಪನಾ ಇಲಾಖೆಯ ಸ್ವತ್ತಾಯಿತು. 1992ರಲ್ಲಿ 30 ವರ್ಷದ ಗುತ್ತಿಗೆಗೆ ಯುಬಿ ಸಮೂಹದ ಕಂಪನಿಯ ಕೈಗೆ ಹೋಗಿ ಪಂದ್ಯದ ಕುದುರೆಗಳ ಹೆಸರಾಂತ ತಾಣವಾಯಿತು. ಯಜಮಾನರು ಬದಲಾದರು, ಕುದುರೆಯ ಉಪಯೋಗ ಬದಲಾಯಿತು. ಆದರೆ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಅದೇ ಹುಲ್ಲು ತಿಂದು ಅದೇ ಮಣ್ಣಿನ ಮೇಲೆ ಮರಿಗಳು ಓಡುವುದನ್ನು ಕಲಿತವು. ಎಳೆ ಕುದುರೆಯ ಮೂಳೆ ಗಟ್ಟಿಯಾಗಲು ಓಡಾಡುವ ಬಯಲು ಬೇಕು, ತಾಯಿಕುದುರೆಗಳಿಗೆ ಸದ್ದುಗದ್ದಲವಿಲ್ಲದ ಹುಲ್ಲುಗಾವಲು ಬೇಕು, ವರ್ಷಪೂರ್ತಿ ಮೇವು ಬೇಕು. ಈ ನಾನೂರು ಎಕರೆ ಒಟ್ಟಾಗಿದ್ದರೆ ಮಾತ್ರ ಅದು ಫಾರಂ. ಜೀರ್ಣೋದ್ಧಾರ ಎಂದರೆ ಆ ಕೆಲಸವನ್ನು ಮುಂದುವರಿಸುವುದು.

ರೇಸ್ ಲೋಕದವರ ಪರ ವಕಾಲತ್ತು ವಹಿಸಲು ನಾನು ಇದನ್ನು ಬರೆಯುತ್ತಿಲ್ಲ. ಗುತ್ತಿಗೆಯ ಆ ಮೂವತ್ತು ವರ್ಷವೇ ಇವತ್ತಿನ ಕಷ್ಟಕ್ಕೆ ಅರ್ಧ ಕಾರಣ. ಸರ್ಕಾರದ ಸ್ವತ್ತಾದರೂ ಫಾರಂ ಊರಿನವರ ಪಾಲಿಗೆ ಬೇಲಿಯಾಚೆಯ ಶ್ರೀಮಂತರ ಜಾಗವಾಗಿಯೇ ಉಳಿಯಿತು. ತನ್ನದಲ್ಲ ಅನ್ನಿಸಿದ್ದನ್ನು ಜನ ಯಾಕೆ ಕಾಯುತ್ತಾರೆ? ಸೈಟು ಹಂಚುತ್ತಾರೆ ಎಂದಾಗ ‘ನಮಗೂ ಒಂದು ಸಿಕ್ಕೀತು’ ಎಂದು ಆಸೆಪಟ್ಟವರನ್ನು ನಾನು ದೂರುವುದಿಲ್ಲ.

ಇಲ್ಲಿ ಲಾಲ್‌ಬಾಗ್ ನೆನಪಾಗುತ್ತದೆ. ಅದೂ ಹೈದರಾಲಿ 1760ರಲ್ಲಿ ಸುಮಾರು 40 ಎಕರೆಯಲ್ಲಿ ತನಗಾಗಿ ಮಾಡಿಸಿಕೊಂಡ ತೋಟ. ಜನಸಾಮಾನ್ಯರದಲ್ಲ. 1856ರಲ್ಲಿ ಸರ್ಕಾರಿ ಸಸ್ಯತೋಟವಾದ ಮೇಲೆ ಅದನ್ನು ಜಾನ್ ಕ್ಯಾಮರಾನ್‌ನಂಥವರು ಕತ್ತರಿಸಲಿಲ್ಲ, ಹಿಗ್ಗಿಸಿದರು. ಇವತ್ತು 240 ಎಕರೆ. ನಡುಬೆಂಗಳೂರಿನ ಆ ಜಾಗಕ್ಕೆ ಎಂಥ ಬೆಲೆ ಬಂದೀತು! ಆದರೂ ಅಲ್ಲಿ ಟೌನ್‌ಶಿಪ್ ಕಟ್ಟೋಣ ಎನ್ನುವ ಧೈರ್ಯ ಯಾವ ಸರ್ಕಾರಕ್ಕೂ ಇಲ್ಲ, ಏಕೆಂದರೆ ಬೆಳಗಾದರೆ ಸಾವಿರಾರು ಜನ ಅಲ್ಲಿ ನಡೆಯುತ್ತಾರೆ. ಬೆಂಗಳೂರಿಗರಿಗೆ ಒಪ್ಪುವ ನ್ಯಾಯ ಕುಣಿಗಲ್‌ನವರಿಗೆ ಯಾಕಿಲ್ಲ? ಸಣ್ಣ ಊರಿನ ದೊಡ್ಡ ಬಯಲನ್ನು ರಾಜಧಾನಿಯ ಹೊಟ್ಟೆಗೆ ಮೀಸಲಿಡುವುದು ನನಗೆ ಶುದ್ಧ ಅನ್ಯಾಯವಾಗಿ ಕಾಣುತ್ತದೆ.

ತೀರ್ಮಾನ ಎಲ್ಲಿ ಆಗಬೇಕಿತ್ತು ಎಂಬ ಪ್ರಶ್ನೆಯೂ ಉಂಟು. ಸಂವಿಧಾನದ 74ನೇ ತಿದ್ದುಪಡಿ ಬಂದು ಮೂವತ್ತು ವರ್ಷ ದಾಟಿತು. ಅದು ಸೇರಿಸಿದ 12ನೇ ಅನುಸೂಚಿಯ 18 ವಿಷಯಗಳಲ್ಲಿ ಮೊದಲನೆಯದೇ ನಗರ ಯೋಜನೆ. ಉದ್ಯಾನ, ಆಟದ ಮೈದಾನ, ಸಾಂಸ್ಕೃತಿಕ ವಿಷಯಗಳೂ ಅದರಲ್ಲಿವೆ. ಜಮೀನು ರಾಜ್ಯದ್ದು ಎಂಬುದು ನಿಜ. ಆದರೆ ಒಂದು ಪುರಸಭೆಯ ಪಕ್ಕದಲ್ಲಿ ಇನ್ನೊಂದು ಊರನ್ನೇ ಕಟ್ಟುವ ವಿಚಾರ ಆ ಊರಿನ ವಾರ್ಡ್‌ಗಳಲ್ಲಿ ಚರ್ಚೆಯಾಗದೆ ವಿಧಾನಸೌಧದಲ್ಲಿ ಇತ್ಯರ್ಥವಾಗುವುದಾದರೆ ಪುರಸಭೆಗೆ ಉಳಿಯುವುದು ಕಸ ಎತ್ತುವ ಕೆಲಸವೊಂದೇ. ಆ ಕಸವೂ ಹೆಚ್ಚುತ್ತದೆ.

ಹಾಗಾದರೆ ಫಾರಮ್ಮನ್ನು ಏನು ಮಾಡಬೇಕು? ನನ್ನ ಉತ್ತರ ಸರಳ. ಜಮೀನು ಪಶುಸಂಗೋಪನಾ ಇಲಾಖೆಯಲ್ಲೇ, ಒಂದೇ ತುಂಡಾಗಿ ಇರಲಿ. ಕುದುರೆ ಸಾಕಣೆ ಮುಂದುವರಿಯಲಿ; ಖಾಸಗಿಯವರಿಗೆ ಕೊಡುವುದಾದರೆ ಅವಧಿ ಚಿಕ್ಕದಿರಲಿ, ಬಾಡಿಗೆ ಬಹಿರಂಗವಾಗಿರಲಿ, ಅದರಲ್ಲಿ ಒಂದು ಪಾಲು ಪುರಸಭೆಗೆ ಬರಲಿ. ಸೈಟು ಮಾರಿದ ದುಡ್ಡು ಒಂದು ಸಲ ಬಂದು ಮುಗಿಯುತ್ತದೆ, ಬಾಡಿಗೆ ವರ್ಷವರ್ಷ ಬರುತ್ತದೆ. ಪಶುವೈದ್ಯಕೀಯ ವಿದ್ಯಾರ್ಥಿಗಳಿಗೆ ಇಲ್ಲಿ ಕಲಿಯಲು ಅವಕಾಶವಿರಲಿ. ಹಾಲಿನ ಹಸು ಸಾಕುವ ಸುತ್ತಲಿನ ಹಳ್ಳಿಗಳಿಗೆ ಇಲ್ಲಿಂದ ಮೇವಿನ ಬೀಜ, ಬೇಸಿಗೆಯಲ್ಲಿ ಮೇವು ಸಿಗಲಿ. ಹಳೆಯ ಲಾಯಗಳನ್ನು ಪುರಾತತ್ವ ಇಲಾಖೆ ರಿಪೇರಿ ಮಾಡಿ, ಅಲ್ಲಿ ಕುದುರೆಗಳನ್ನೇ ಕಟ್ಟಲಿ. ಅಂಚಿನಲ್ಲಿ ಮರಗಳ ಕೆಳಗೆ ನಡೆಯಲು ದಾರಿ ಬಿಟ್ಟು, ಶಾಲೆಯ ಮಕ್ಕಳಿಗೆ ಬಾಗಿಲು ತೆರೆಯಲಿ. ಮನೆ ಬೇಕಾದವರಿಗೆ ಈಗಿರುವ ಪೇಟೆಯೊಳಗೆ, ನೀರು ಚರಂಡಿ ಆಗಲೇ ಇರುವ ಕಡೆ ದಾರಿ ಹುಡುಕಬೇಕು. ಅದು ನಿಧಾನದ ಕೆಲಸ, ಉದ್ಘಾಟನೆಗೆ ಚೆನ್ನಾಗಿ ಕಾಣುವಂಥದ್ದಲ್ಲ. ಆದರೂ ಮಾಡಬೇಕಾದ್ದು ಅದೇ.

ಇದರ ಮೊದಲ ಹೆಜ್ಜೆಗೆ ಬೆಂಗಳೂರನ್ನು ಕಾಯಬೇಕಿಲ್ಲ. ಕುಣಿಗಲ್ ಪುರಸಭೆ ವಿಶೇಷ ಸಭೆ ಕರೆದು, ವಾರ್ಡುವಾರು ಜನರ ಅಭಿಪ್ರಾಯ ಪಡೆದು, ಟೌನ್‌ಶಿಪ್ಪಿಗೆ ನೀರು ಎಲ್ಲಿಂದ ಎಂಬ ಪ್ರಶ್ನೆಗೆ ಲಿಖಿತ ಉತ್ತರ ಬರುವವರೆಗೆ ಒಂದು ಗುಂಟೆಯೂ ಕೈ ಬದಲಾಗಬಾರದು ಎಂದು ಠರಾವು ಮಾಡಬಹುದು. ಅದರ ಪ್ರತಿಯನ್ನು ಜಿಲ್ಲಾ ಯೋಜನಾ ಸಮಿತಿಗೂ ಸಂಪುಟಕ್ಕೂ ಕಳಿಸಬಹುದು.