ಸುಣ್ಣ ಬಿಟ್ಟ ಕೆಮಿಸ್ಟ್ರಿ

ಸಿಇಟಿ ಕೆಮಿಸ್ಟ್ರಿ ಪೇಪರಿನ ಲೆಕ್ಕ ಸರಳ. 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡು. ತಪ್ಪು ಬರೆದ್ರೆ ಮಾರ್ಕ್ಸ್ ಕಳೆಯಲ್ಲ. ಆ ಓಟವನ್ನ ಬಿಡಿ, ಸೀಟು ಬೇಕು ಅಂದ್ರೆ ಅದು ಇದ್ದಿದ್ದೇ. ನನಗೆ ತಕರಾರಿರೋದು ಮಕ್ಕಳಿಗೆ ಓದೋಕೆ ಉಳಿಸಿರೋ ಪುಸ್ತಕದ ಬಗ್ಗೆ.

ನಮ್ಮ ಪಿಯುಸಿಗಿರೋದು ಎನ್‌ಸಿಇಆರ್‌ಟಿ ಪುಸ್ತಕ. ಕೋವಿಡ್ ಆದಮೇಲೆ ಹೊರೆ ಇಳಿಸ್ತೀವಿ ಅಂತ ಅದಕ್ಕೆ ಕತ್ತರಿ ಹಾಕಿದರು. ಏನೇನು ಹೋಯ್ತು ನೋಡಿ: ಎಸ್-ಬ್ಲಾಕ್, ಪಾಲಿಮರ್, ಪರಿಸರ ರಸಾಯನಶಾಸ್ತ್ರ, ದಿನಬಳಕೆಯ ರಸಾಯನಶಾಸ್ತ್ರ. ಹೊರೆ ಇಳಿಸಬೇಕಿತ್ತು, ಒಪ್ಪೋಣ. ಆದ್ರೆ ಇಳಿಸಿದ್ದು ಬುತ್ತಿ ಗಂಟನ್ನೇ!

ಎಸ್-ಬ್ಲಾಕ್ ಪಾಠದಲ್ಲಿ ಸುಣ್ಣ ಇತ್ತು. ಹಬ್ಬಕ್ಕೆ ಮುಂಚೆ ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಅದು ಬುಸುಗುಟ್ಟಿ ಕುದಿಯೋದನ್ನ ಊರಲ್ಲಿ ಬೆಳೆದವರು ನೋಡಿರ್ತೀರಿ. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತೆ. ಅಂದ್ರೆ ಸುಟ್ಟ ಕಲ್ಲು ಮತ್ತೆ ಕಲ್ಲಾಯ್ತು. ಈ ಸುತ್ತು ಒಂದು ಸಲ ತಲೆಗೆ ಹೋದ್ರೆ ಮೂರು ಸಮೀಕರಣ ಉರು ಹೊಡೆಯೋದೇ ಬೇಡ.

ಈಗ ಉಳಿದಿದ್ದನ್ನಾದ್ರೂ ಹೇಗೆ ಓದಿಸ್ತಾರೆ? ಗೈಡುಗಳಲ್ಲಿ ಒಂದು ಟೇಬಲ್ಲು: ಆಲ್ಫಾ ಹೈಡ್ರೋಜನ್ ಇದ್ರೆ ಆಲ್ಡಾಲ್, ಇಲ್ಲದಿದ್ರೆ ಕ್ಯಾನಿಝಾರೊ. ಉತ್ತರ ಸರಿ, ಟಿಕ್ ಮಾಡಿ, ಮುಂದೆ. ಕಾರಣ ಹೇಳೋಕೆ ಎರಡೇ ಸಾಲು ಸಾಕು. ಆ ಹೈಡ್ರೋಜನ್ ಇದ್ರೆ ಕ್ಷಾರ ಅದನ್ನ ಕಿತ್ಕೊಳ್ಳುತ್ತೆ. ಕೀಳೋಕೆ ಏನೂ ಇಲ್ಲದಿದ್ರೆ ಒಂದು ಅಣು ಇನ್ನೊಂದಕ್ಕೆ ಹೈಡ್ರೈಡ್ ದಾಟಿಸಿ ತಾನು ಆಮ್ಲದ ಲವಣ ಆಗುತ್ತೆ, ಇನ್ನೊಂದು ಆಲ್ಕೋಹಾಲ್ ಆಗುತ್ತೆ. ಆ ಎರಡು ಸಾಲಿಗೆ ಟೇಬಲ್ಲಿನಲ್ಲಿ ಜಾಗ ಇಲ್ಲ.

ಕತ್ತರಿ ಹಾಕಿದ್ದನ್ನ ಪ್ರಶ್ನೆ ತೆಗೆಯೋರೇ ಸರಿಯಾಗಿ ನೋಡಿರಲಿಲ್ಲ ಅನ್ನೋದು 2024ರ ಸಿಇಟಿಯಲ್ಲಿ ಗೊತ್ತಾಯ್ತು. ಪಠ್ಯದಾಚೆಯ ಪ್ರಶ್ನೆಗಳು ಬಂದು ಗಲಾಟೆಯಾಗಿ, ಎಲ್ಲ ವಿಷಯ ಸೇರಿ 50 ಪ್ರಶ್ನೆ ಕೈಬಿಡಬೇಕಾಯ್ತು.

ಕೋಚಿಂಗಿಗೆ ದುಡ್ಡಿರೋರು ಹೋದ ಪಾಠವನ್ನ ಬೇರೆ ಕಡೆ ಕಲೀತಾರೆ. ಹಳ್ಳಿ ಕಾಲೇಜಿನ ಹುಡುಗಿಗೆ ಇರೋದು ಆ ಪುಸ್ತಕ ಒಂದೇ. ಅವಳ ಮನೆ ಗೋಡೆಗೂ ಅವಳ ಓದಿಗೂ ಇದ್ದ ದಾರಿಯನ್ನೇ ಮುಚ್ಚಿದ್ರೆ, ಉಳಿಯೋದು ಉರು ಹೊಡೆಯೋದಷ್ಟೇ.

ಅವೆನ್ಯೂ ರಸ್ತೆ ಕಡೆ ಹೋದಾಗ ಕತ್ತರಿ ಬೀಳದ ಹಳೇ ಪುಸ್ತಕ ಸಿಕ್ರೆ ತಗೊಳ್ಳಿ. ಊರಲ್ಲಿ ಪಿಯುಸಿ ಓದ್ತಿರೋ ತಮ್ಮನಿಗೋ ತಂಗಿಗೋ ಕೊಟ್ಟು, ಸುಣ್ಣದ ಪುಟ ಮೊದಲು ಓದು ಅನ್ನಿ.